ದಯವಿಟ್ಟು ಮ್ಯೂಟ್ ಮಾಡಿಕೊಳ್ಳಿ, ಸಿಸ್ಟರ್

ಕೊರೊನಾ ಕಾಲದ ಅತಿ ಅಗ್ಗದ ಔಷಧ ಯಾವುದು ಎಂದು ಯಾರಾದರೂ ಕೇಳಿದರೆ ಡೋಲೊ ಎಂದು ಹೇಳಿ ಪೇಚಿಗೆ ಸಿಕ್ಕಿಕೊಳ್ಳಬೇಡಿ. ಅದಕ್ಕಿಂತ ಅಗ್ಗದ್ದೊಂದು ಇತ್ತು. ನುಂಗಬೇಕಿರಲಿಲ್ಲ, ಚುಚ್ಚಬೇಕಿರಲಿಲ್ಲ. ಟೆಂಡರ್ ಇಲ್ಲ, ಗೋದಾಮು ಇಲ್ಲ, ಕೋಲ್ಡ್ ಚೈನ್ ಇಲ್ಲ, ಆಡಿಟ್‌ನವರ ಆಕ್ಷೇಪಣೆಯೂ ಇಲ್ಲ. ಆಸ್ಪತ್ರೆಯ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಲಿಂಕ್ ಬಿಟ್ಟರೆ ಸಾಕು, ಸಿಬ್ಬಂದಿಯ ಮನಸ್ಸು ಸರಿಹೋಗುತ್ತಿತ್ತು. ಸರಿಹೋಗದಿದ್ದರೆ ಅದು ಅವರ ನೆಟ್‌ವರ್ಕಿನ ಸಮಸ್ಯೆ.

ಈ ಔಷಧವನ್ನು ಮೊದಮೊದಲು ಪ್ರಯೋಗಿಸಿದವರಲ್ಲಿ ಚೀನಾದ ಚಾಂಗ್‌ಶಾ ನಗರದ ಸೆಕೆಂಡ್ ಶಿಯಾಂಗ್ಯಾ ಆಸ್ಪತ್ರೆಯವರೂ ಇದ್ದರು. 2020ರ ಆರಂಭ. ವುಹಾನ್ ಆಗಲೇ ಬಾಗಿಲು ಹಾಕಿಕೊಂಡಿತ್ತು. ಪಕ್ಕದ ಹುನಾನ್ ಪ್ರಾಂತ್ಯದ ಈ ಆಸ್ಪತ್ರೆಯವರು ತಮ್ಮ ವೈದ್ಯರ, ನರ್ಸುಗಳ ಮನಸ್ಸನ್ನು ಕಾಯಬೇಕೆಂದು ಬಲು ಶಿಸ್ತಿನಿಂದ ಯೋಜನೆ ಹಾಕಿದರು. ಆನ್‌ಲೈನ್ ಪಾಠ ಸಿದ್ಧವಾಯಿತು, ಸಹಾಯವಾಣಿ ಸಿದ್ಧವಾಯಿತು, ಒತ್ತಡ ಕಳೆಯುವ ಗುಂಪು ಚಟುವಟಿಕೆಯೂ ಸಿದ್ಧವಾಯಿತು. ಬರಬೇಕಾದವರು ಮಾತ್ರ ಬರಲಿಲ್ಲ. ಸಿಡಿಮಿಡಿಗೊಳ್ಳುತ್ತಿದ್ದ, ಒಳಗೊಳಗೇ ಬೇಯುತ್ತಿದ್ದುದು ಎದ್ದು ಕಾಣುತ್ತಿದ್ದ ನರ್ಸುಗಳು ಕೂಡ ನಮಗೇನೂ ಆಗಿಲ್ಲ ಬಿಡಿ ಎಂದರು.

ಆಗ ಆಸ್ಪತ್ರೆಯವರು ಒಂದು ವಿಚಿತ್ರ ಕೆಲಸ ಮಾಡಿದರು. 13 ಮಂದಿ ಸಿಬ್ಬಂದಿಯನ್ನು ಅರ್ಧರ್ಧ ಗಂಟೆ ಮಾತಾಡಿಸಿ, ನಿಮಗೆ ಏನು ಬೇಕು ಎಂದು ಕೇಳಿದರು. ಹಲವರ ಉತ್ತರ ಒಂದೇ: ಮನೋವಿಜ್ಞಾನಿ ಬೇಡ, ಯಾರೂ ಎಬ್ಬಿಸದಂತೆ ಒಂದಿಷ್ಟು ಹೊತ್ತು ವಿಶ್ರಾಂತಿ ಬೇಕು, ಸಾಕಾಗುವಷ್ಟು ರಕ್ಷಣಾ ಸಾಮಗ್ರಿ ಬೇಕು. ಆಸ್ಪತ್ರೆ ಅದಕ್ಕಿಂತ ವಿಚಿತ್ರವಾದದ್ದನ್ನು ಮಾಡಿತು. ಅವರು ಹೇಳಿದ್ದನ್ನು ನಂಬಿತು. ಮನೆಯವರಿಂದ ದೂರ ತಂಗಲು ಜಾಗ ಕೊಟ್ಟಿತು, ಊಟ ಮತ್ತು ದಿನಬಳಕೆಯ ಸಾಮಾನು ಒದಗಿಸಿತು, ಮಾತು ಕೇಳದ ರೋಗಿಗಳನ್ನು ನಿಭಾಯಿಸಲು ಸೆಕ್ಯುರಿಟಿಯವರನ್ನು ಕೊಟ್ಟಿತು. ಆಪ್ತಸಮಾಲೋಚಕರಿಗೆ ಆ ತಂಗುವ ಜಾಗಕ್ಕೇ ಹೋಗಿ, ಅಲ್ಲೇ ಕೂತು ಅವರ ಕಷ್ಟ ಕೇಳಿಸಿಕೊಳ್ಳಿ ಎಂದಿತು. ಇದನ್ನೆಲ್ಲ ಪುಟ್ಟ ಪತ್ರವಾಗಿ ಬರೆದು ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಅದೇ ವರ್ಷ ಪ್ರಕಟಿಸಿದರು.

ಜಗತ್ತಿನ ಆಡಳಿತಗಾರರೆಲ್ಲ ಈ ಪತ್ರ ಓದಿದ್ದಾರೆ ಎಂದೇ ನನ್ನ ಗುಮಾನಿ. ಆನ್‌ಲೈನ್ ಪಾಠ, ಸಹಾಯವಾಣಿ ಎಂಬಲ್ಲಿಯವರೆಗೆ ಓದಿದ್ದಾರೆ. ಭೇಷ್, ಇದು ನಮ್ಮ ಬಜೆಟ್ಟಿಗೆ ಒಗ್ಗುತ್ತದೆ ಎಂದು ಅಲ್ಲಿಗೇ ಪುಟ ಮಡಚಿದ್ದಾರೆ.

ನಮ್ಮ ದೇಶದಲ್ಲಿ ಆರೋಗ್ಯ ಸಿಬ್ಬಂದಿಗೆ ಮೊದಲು ಸಂದದ್ದು ಪೂಜೆ. ಷೋಡಶೋಪಚಾರ ಬಲ್ಲ ಯಾವ ಪುರೋಹಿತರನ್ನಾದರೂ ಕೇಳಿ, ಕ್ರಮದಲ್ಲಿ ಲೋಪವಿಲ್ಲ ಎನ್ನುತ್ತಾರೆ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಘಂಟಾನಾದ: ತಟ್ಟೆ, ಜಾಗಟೆ, ಶಂಖ, ಉತ್ಸಾಹ ಹೆಚ್ಚಿದ ಕಡೆ ಬೀದಿಯಲ್ಲಿ ಮೆರವಣಿಗೆ. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ. ಮೇ 3ಕ್ಕೆ ಸೇನೆಯ ಹೆಲಿಕಾಪ್ಟರುಗಳಿಂದ ಆಸ್ಪತ್ರೆಗಳ ಮೇಲೆ ಪುಷ್ಪವೃಷ್ಟಿ. ನೈವೇದ್ಯದ ಸರದಿ ಬಂದಾಗ ಸಂಪ್ರದಾಯದಂತೆ ಪರದೆ ಎಳೆದರು. ಪರದೆ ಸರಿದಾಗ ತಟ್ಟೆ ಖಾಲಿ ಇತ್ತು. ದೇವರೇ ಉಂಡಿರಬೇಕು ಎಂದು ಭಕ್ತರು ಕೈಮುಗಿದು ಮನೆಗೆ ಹೋದರು.

ಹೂವು ಬಾಡಿ ಎರಡು ವಾರವೂ ಆಗಿರಲಿಲ್ಲ, ಮೇ 15ಕ್ಕೆ ಕೇಂದ್ರ ಆರೋಗ್ಯ ಸಚಿವಾಲಯದ ಸೂಚನೆ ಬಂತು. ಕೋವಿಡ್ ಡ್ಯೂಟಿ ಮುಗಿಸಿದ ಸಿಬ್ಬಂದಿಗೆಲ್ಲ 14 ದಿನದ ಕ್ವಾರಂಟೈನ್ ಅಗತ್ಯವಿಲ್ಲ, ಹೆಚ್ಚಿನ ಅಪಾಯಕ್ಕೆ ಒಡ್ಡಿಕೊಂಡವರಿಗೆ ಮಾತ್ರ ಸಾಕು ಎಂದು. ವಿದೇಶದಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರ್ ಹದಿನಾಲ್ಕು ದಿನ ರೂಮಿನಲ್ಲಿ ಕೂತು ಗಂಟೆಗೊಂದು ಸೆಲ್ಫಿ ಕಳಿಸಬೇಕಿದ್ದ ಕಾಲ ಅದು. ದಿನವಿಡೀ ವೈರಸ್ಸಿನ ನಡುವೆ ಓಡಾಡಿದ ಸಿಸ್ಟರ್ ಮಾತ್ರ ಸಂಜೆ ಬಸ್ಸು ಹತ್ತಿ ಅತ್ತೆ ಮಾವನ ಮನೆಗೆ ಹೋಗಬಹುದಿತ್ತು. ಆಕೆಗೆ ಭಯವಾದರೆ? ಅದಕ್ಕೇ ಸಹಾಯವಾಣಿ ಇದೆಯಲ್ಲ! ಜೂನ್‌ನಲ್ಲಿ ವೈದ್ಯರ ಸಂಬಳದ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಯುದ್ಧಕಾಲದಲ್ಲಿ ಸೈನಿಕರನ್ನು ಅಸಮಾಧಾನದಲ್ಲಿಡಬಾರದು ಎಂದು ನ್ಯಾಯಮೂರ್ತಿಗಳು ಬುದ್ಧಿ ಹೇಳಬೇಕಾಯಿತು. ನಮ್ಮ ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಸ್ಟೈಪೆಂಡ್ ಕಾಣದ ಕಿರಿಯ ವೈದ್ಯರು ಬೀದಿಗಿಳಿದದ್ದೂ ಅದೇ ವರ್ಷ. ಖಾತೆಗೆ ದುಡ್ಡು ಬಿದ್ದರೆ ಖಿನ್ನತೆ ಇಳಿಯುವ ಸಾಧ್ಯತೆಯ ಬಗ್ಗೆ ಯಾವ ವೆಬಿನಾರೂ ನಡೆದ ಹಾಗಿಲ್ಲ.

ಸಹಾಯವಾಣಿಯ ಮಾತಿಗೆ ಬರೋಣ. ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮನೋಸಾಮಾಜಿಕ ನೆರವಿಗೆಂದು ದೇಶಕ್ಕೆಲ್ಲ ಒಂದು ನಂಬರ್ ಕೊಟ್ಟಿತು. ಅಲ್ಲಿ ಫೋನ್ ಎತ್ತಿಕೊಂಡು ಕೂತವರ ಬಗ್ಗೆ ಕೊಂಕು ಮಾತಾಡಲು ನನಗೆ ನಾಲಿಗೆ ಬಾರದು. ತಾವೂ ಅದೇ ಭಯದಲ್ಲಿ ಇದ್ದುಕೊಂಡು, ಗುರುತು ಪರಿಚಯ ಇಲ್ಲದವರ ಅಳು ಕೇಳಿಸಿಕೊಂಡವರು ಅವರು. ನನ್ನ ತಕರಾರು ಫೋನ್ ಎತ್ತಿದವರ ಜೊತೆ ಇಲ್ಲ. ಆ ನಂಬರನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಗೋಂದು ಒಣಗುವ ಮೊದಲೇ ತಮ್ಮ ಜವಾಬ್ದಾರಿ ಮುಗಿಯಿತು ಎಂದು ಕೈ ತೊಳೆದುಕೊಂಡವರ ಜೊತೆ. ಆ ಕಾಲದಲ್ಲಿ ಕೈ ತೊಳೆದುಕೊಳ್ಳುವುದಕ್ಕೆ ಸರ್ಕಾರದ ಪ್ರೋತ್ಸಾಹವೂ ಇತ್ತು ಅನ್ನಿ.

ಫೋನ್ ಮಾಡುವುದಾದರೂ ಎಲ್ಲಿಂದ? ವಾರ್ಡಿನಲ್ಲಿ ಪಿಪಿಇ ಕಿಟ್ ಹಾಕಿಕೊಂಡಾಗ ಫೋನ್ ಮುಟ್ಟುವಂತಿಲ್ಲ. ಹಾಸ್ಟೆಲ್ ರೂಮಿನಲ್ಲಿ ಆರು ಮಂಚ, ಐದು ಜನ ಮಲಗಿದ್ದಾರೆ, ಆರನೆಯವಳು ಪಿಸುಗುಟ್ಟಿ ಅಳಬೇಕು. ಮನೆಯಲ್ಲಿ ಒಂದೇ ಕೋಣೆ, ಗೋಡೆಯಾಚೆ ಅತ್ತೆಯ ಕಿವಿ. ಆಶಾ ಕಾರ್ಯಕರ್ತೆಯ ಫೋನು ಆಕೆಯದ್ದೇ ಆದರೂ ಆಕೆಯ ಕೈಗೆ ಸಿಗುವುದಿಲ್ಲ. ಅದು ಸರ್ವೆಗೆ, ಫೋಟೊ ಅಪ್‌ಲೋಡಿಗೆ, ಊರಿಗೆ ಬಂದವರ ಪಟ್ಟಿಗೆ ಮೀಸಲು. ಉಳಿದ ಹೊತ್ತು ಮಗನ ಆನ್‌ಲೈನ್ ಕ್ಲಾಸಿಗೆ. ಇಷ್ಟೆಲ್ಲ ದಾಟಿ ಕರೆ ಹೋದರೆ ಮೊದಲು ಕೇಳುವುದು ಕೊರೊನಾ ಜಾಗೃತಿಯ ಕೆಮ್ಮಿನ ಕಾಲರ್ ಟ್ಯೂನ್. ದಿನವಿಡೀ ಕೆಮ್ಮು ಕೇಳಿ ಬಂದವರಿಗೆ ಸಾಂತ್ವನದ ಬಾಗಿಲಲ್ಲೂ ಕೆಮ್ಮೇ ಸ್ವಾಗತ ಕೋರುತ್ತಿತ್ತು.

ಫೋನನ್ನು ಅವರು ಎತ್ತಿಕೊಳ್ಳದಿದ್ದರೇನಂತೆ, ಸಾಂತ್ವನವನ್ನೇ ಅವರ ಬಳಿಗೆ ಕಳಿಸೋಣ ಎಂದು ವೆಬಿನಾರ್ ಬಂತು. ಒಂದನ್ನು ಕಲ್ಪಿಸಿಕೊಳ್ಳೋಣ. ತಾಲ್ಲೂಕಿನ ಹೆಸರು ಬೇಡ, ಯಾವುದನ್ನಿಟ್ಟರೂ ಹೊಂದುತ್ತದೆ. ವಿಷಯ: ‘ಕೋವಿಡ್ ಸಂದರ್ಭದಲ್ಲಿ ಒತ್ತಡ ನಿರ್ವಹಣೆ’. ಸಮಯ ಮಧ್ಯಾಹ್ನ ಎರಡೂವರೆ. ಅಂದರೆ ಬೆಳಗಿನ ಪಾಳಿಯವರು ಮನೆಗೆ ಹೊರಡುವ, ಮಧ್ಯಾಹ್ನದ ಪಾಳಿಯವರು ಕಿಟ್ ಏರಿಸಿಕೊಳ್ಳುವ, ರಾತ್ರಿ ಪಾಳಿಯವರಿಗೆ ಆಗಷ್ಟೇ ಕಣ್ಣು ಹತ್ತಿದ ಹೊತ್ತು. ಮೂರೂ ಪಾಳಿಗೆ ಸಮಾನವಾಗಿ ತೊಂದರೆ ಕೊಡುವ ಇಂಥ ಗಳಿಗೆಯನ್ನು ಪಂಚಾಂಗ ನೋಡದೆ ಹುಡುಕುವುದು ಕಷ್ಟ. ಸಂದೇಶದ ಕೊನೆಯಲ್ಲಿ ದಪ್ಪಕ್ಷರ: ‘ಹಾಜರಾತಿ ಕಡ್ಡಾಯ. ಗೈರಾದವರ ಪಟ್ಟಿಯನ್ನು ಸಂಜೆ ಗ್ರೂಪಿಗೆ ಹಾಕಲಾಗುವುದು.’ ಒತ್ತಡ ಅಲ್ಲಿಂದಲೇ ಶುರು, ನಿರ್ವಹಣೆ ಆಮೇಲೆ.

ಕೋವಿಡ್ ವಾರ್ಡಿನಿಂದ ಈಗಷ್ಟೇ ಹೊರಬಂದ ಸಿಸ್ಟರ್ ಒಬ್ಬರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದಾರೆ. ಆರು ಗಂಟೆ ಕಿಟ್‌ನಲ್ಲಿದ್ದರು. ನೀರು ಕುಡಿದಿಲ್ಲ. ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋದರೆ ಕಿಟ್ ಬಿಚ್ಚಬೇಕು, ಬಿಚ್ಚಿದರೆ ಇನ್ನೊಂದು ಕಿಟ್‌ಗೆ ಇಂಡೆಂಟ್ ಹಾಕಬೇಕು, ಇಂಡೆಂಟಿಗೆ ಸಹಿ ಮಾಡುವವರು ಮೀಟಿಂಗಿನಲ್ಲಿದ್ದಾರೆ. ಮೂಗಿನ ಮೇಲೆ ಎನ್-95 ತಂತಿ ಕೊರೆದ ಕೆಂಪು ಗೆರೆ. ಎರಡು ಜೊತೆ ಗ್ಲೌಸಿನೊಳಗೆ ಬೆವರಿ ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕುಗಟ್ಟಿದೆ. ಫೋನನ್ನು ಜಿಪ್ ಕವರಿನಲ್ಲಿ ಹಾಕಿ ಅದರ ಮೇಲೆ ಸ್ಯಾನಿಟೈಸರ್ ಹೊಡೆದಿದ್ದಾರೆ. ಒದ್ದೆ ಕವರಿನ ಕೆಳಗಿನ ಗಾಜು ಸುಕ್ಕುಗಟ್ಟಿದ ಬೆರಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ‘ಜಾಯಿನ್’ ಗುಂಡಿಯನ್ನು ಕುಟ್ಟಿ ಕುಟ್ಟಿ ಕೊನೆಗೆ ಒಳಗೆ ಹೋದರೆ ಸ್ವಾಗತ ಭಾಷಣ ನಡೆಯುತ್ತಿದೆ.

ಸ್ವಾಗತದ ನಂತರ ಪ್ರಾಸ್ತಾವಿಕ ನುಡಿ. ಪ್ರಾಸ್ತಾವಿಕದ ನಂತರ ಸಾಹೇಬರಿಂದ ಉದ್ಘಾಟನೆ, ತೆರೆಯ ಮೇಲೆ ದೀಪದ ಚಿತ್ರ. ‘ನನ್ನ ಧ್ವನಿ ಕೇಳಿಸ್ತಿದೆಯಾ?’ ಎಂಬ ಪ್ರಶ್ನೆಗೆ ಅರವತ್ತು ಜನ ಒಟ್ಟಿಗೆ ‘ಕೇಳಿಸ್ತಿದೆ ಸರ್’ ಎಂದದ್ದರಿಂದ ಏನೂ ಕೇಳಿಸಲಿಲ್ಲ. ಕೊನೆಗೆ ಸಂಪನ್ಮೂಲ ವ್ಯಕ್ತಿ ಕಾಣಿಸಿಕೊಂಡರು. ಹಿನ್ನೆಲೆಯಲ್ಲಿ ನೀಲಿ ಸಮುದ್ರ, ತೆಂಗಿನ ಮರ. ಅವರ ಸಲಹೆಗಳು ಒಂದಕ್ಕಿಂತ ಒಂದು ಸೊಗಸು. ದಿನಕ್ಕೆ ಎಂಟು ಗಂಟೆ ನಿದ್ದೆ ಮಾಡಿ. ತಾಜಾ ಹಣ್ಣು ತಿನ್ನಿ. ಕುಟುಂಬದ ಜೊತೆ ಗುಣಮಟ್ಟದ ಸಮಯ ಕಳೆಯಿರಿ. ಕೊರೊನಾ ಸುದ್ದಿಯಿಂದ ಆದಷ್ಟು ದೂರ ಇರಿ. ಈ ಕೊನೆಯದನ್ನು ಕೇಳಿ ಸಿಸ್ಟರ್‌ಗೆ ನಗು ಬಂತು. ಆ ಸುದ್ದಿಯೇ ಮಲಗಿದ್ದ ಬೆಡ್ ನಂಬರ್ ನಾಲ್ಕರ ಡ್ರಿಪ್ ಬದಲಾಯಿಸಿ ಬಂದು ಹತ್ತು ನಿಮಿಷ ಆಗಿತ್ತಷ್ಟೆ.

‘ಈಗ ಎಲ್ಲರೂ ಕಣ್ಣು ಮುಚ್ಚಿ. ದೀರ್ಘವಾಗಿ ಉಸಿರು ಎಳೆದುಕೊಳ್ಳಿ.’

ಕಣ್ಣು ಮುಚ್ಚುವುದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ. ಅರ್ಧ ಜನ ಮತ್ತೆ ತೆರೆಯಲಿಲ್ಲ. ಉಸಿರಿನ ಸೂಚನೆ ಕೊಂಚ ತೊಡಕಿನದು. ಇಡೀ ದಿನ ಅವರಿಗೆ ಹೇಳಿಕೊಟ್ಟದ್ದು ವಾರ್ಡಿನ ಗಾಳಿಯನ್ನು ಆದಷ್ಟು ಎಳೆದುಕೊಳ್ಳಬೇಡಿ ಎಂದು.

ಪ್ರಶ್ನೋತ್ತರದ ವೇಳೆಗೆ ಸಿಸ್ಟರ್ ಮೈಕ್ ಆನ್ ಮಾಡಿದರು. ‘ಸರ್, ನಮಸ್ಕಾರ. ಕಾಂಟ್ರ್ಯಾಕ್ಟ್‌ನವರಿಗೆ ಮೂರು ತಿಂಗಳಿಂದ ಸಂಬಳ ಆಗಿಲ್ಲ ಸರ್. ರಾತ್ರಿ ನಿದ್ದೆ ಬರ್ತಿಲ್ಲ.’

‘ನಿದ್ದೆ ಬರ್ತಿಲ್ಲ ಅಂದ್ರಲ್ಲ, ಒಳ್ಳೇ ಪ್ರಶ್ನೆ. ಮಲಗೋ ಅರ್ಧ ಗಂಟೆ ಮುಂಚೆ ಮೊಬೈಲ್ ನೋಡಬೇಡಿ.’

‘ಸರ್, ಸಂಬಳ...’

ನಡುವೆ ಸಾಹೇಬರ ಧ್ವನಿ ಬಂತು. ‘ಅದು ಬೇರೆ ವಿಷಯ ಸಿಸ್ಟರ್. ಸಂಬಂಧಪಟ್ಟವರ ಗಮನಕ್ಕೆ ತರೋಣ. ಇವತ್ತು ಮನಸ್ಸಿನ ಬಗ್ಗೆ ಮಾತ್ರ ಮಾತಾಡೋಣ. ದಯವಿಟ್ಟು ಮ್ಯೂಟ್ ಮಾಡ್ಕೊಳಿ.’

ಕೊನೆಗೆ ವಂದನಾರ್ಪಣೆ. ಗ್ರೂಪ್ ಫೋಟೊಗಾಗಿ ಎಲ್ಲರೂ ಕ್ಯಾಮೆರಾ ಆನ್ ಮಾಡಿ ನಗಬೇಕು. ಫೀಡ್‌ಬ್ಯಾಕ್ ಫಾರಂ ತುಂಬಿದವರಿಗೆ ಇ-ಸರ್ಟಿಫಿಕೇಟ್, ಹೆಸರಿನ ಒಂದಕ್ಷರ ತಪ್ಪು. ‘ಈ ಕಾರ್ಯಕ್ರಮದ ನಂತರ ನಿಮ್ಮ ಒತ್ತಡ ಕಡಿಮೆಯಾಗಿದೆಯೇ?’ ಎಂಬ ಪ್ರಶ್ನೆಗೆ ಉತ್ತರ ಆಯ್ಕೆ ಮಾಡದೆ ಮುಂದಕ್ಕೆ ಹೋಗುವಂತಿಲ್ಲ. ಆಯ್ಕೆಗಳು ಮೂರು: ಹೌದು, ಬಹಳ ಹೌದು, ಅತ್ಯಂತ ಹೌದು.

ಈ ಏರ್ಪಾಟಿನ ನಿಜವಾದ ಚಮತ್ಕಾರ ಬೇರೆ ಇದೆ. ಮಧ್ಯಾಹ್ನ ಸಾಂತ್ವನ ಹೇಳಿದ ಅದೇ ತೆರೆಯಲ್ಲಿ ಬೆಳಿಗ್ಗೆ ವಿಸಿ ನಡೆದಿರುತ್ತದೆ. ವಿಸಿ, ಅಂದರೆ ವಿಡಿಯೊ ಕಾನ್ಫರೆನ್ಸ್, ಆರೋಗ್ಯ ಇಲಾಖೆಯ ಕೆಳಗಿನವರಿಗೆ ಹೊಟ್ಟೆಯಲ್ಲಿ ಸಂಕಟ ಎದ್ದೇಳುವ ಎರಡಕ್ಷರ. ನಿನ್ನೆ ಎಷ್ಟು ಸ್ವಾಬ್? ಟಾರ್ಗೆಟ್ ಯಾಕೆ ಆಗಿಲ್ಲ? ಪ್ರೈಮರಿ ಕಾಂಟ್ಯಾಕ್ಟ್ ಎಂಟ್ರಿ ಯಾಕೆ ಬಾಕಿ? ನೋಟಿಸ್ ಕೊಡಲಾ? ಹನ್ನೊಂದು ಗಂಟೆಗೆ ಒಂದು ಲಿಂಕಿನಲ್ಲಿ ಎಲ್ಲರೆದುರು ಮಾನ ಕಳೆದು, ಎರಡೂವರೆಗೆ ಇನ್ನೊಂದು ಲಿಂಕಿನಲ್ಲಿ ಆತ್ಮಗೌರವ ಬೆಳೆಸಿಕೊಳ್ಳುವ ಐದು ಸೂತ್ರ ಹೇಳಿಕೊಡುವ ವ್ಯವಸ್ಥೆಗೆ ಹುಣ್ಣು ಮತ್ತು ಮುಲಾಮು ಎರಡನ್ನೂ ಒಂದೇ ಡೇಟಾ ಪ್ಯಾಕಿನಲ್ಲಿ ಒದಗಿಸಿದ ಹೆಗ್ಗಳಿಕೆ ಸಲ್ಲಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವವರನ್ನು ನಮ್ಮ ಹಿರಿಯರು ಕಂಡಿದ್ದರು. ಇಲ್ಲಿ ಬರೆ ಹಾಕಿಸಿಕೊಂಡದ್ದೂ ಎಮ್ಮೆ, ಬರೆಯನ್ನು ಸಕಾರಾತ್ಮಕವಾಗಿ ನೋಡುವುದು ಹೇಗೆ ಎಂಬ ತರಬೇತಿಗೆ ಕೂತದ್ದೂ ಎಮ್ಮೆ.

2020ರ ಆಗಸ್ಟ್‌ನಲ್ಲಿ ನಂಜನಗೂಡು ತಾಲ್ಲೂಕಿನ ಆರೋಗ್ಯಾಧಿಕಾರಿ ತಮ್ಮ ಪ್ರಾಣ ತಾವೇ ಕಳೆದುಕೊಂಡರು. ಕೋವಿಡ್ ಪರೀಕ್ಷೆಯ ಟಾರ್ಗೆಟ್, ಮೇಲಿನವರ ಒತ್ತಡ ಇದಕ್ಕೆ ಕಾರಣ ಎಂದು ಸಹೋದ್ಯೋಗಿಗಳು ದೂರಿದರು. ಜಿಲ್ಲೆಯ ಸರ್ಕಾರಿ ವೈದ್ಯರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಸರ್ಕಾರ ಪರಿಹಾರ ಘೋಷಿಸಿತು. ಈ ಪ್ಯಾರಾದಲ್ಲಿ ನನ್ನ ಬಳಿ ವ್ಯಂಗ್ಯ ಇಲ್ಲ. ಆ ವೈದ್ಯರ ಪರವಾಗಿ ಎದ್ದ ಕೂಗಿನಲ್ಲಿ ಸಹಾಯವಾಣಿ ಹೆಚ್ಚಿಸಿ ಎಂಬ ಬೇಡಿಕೆಗಿಂತ ಗಟ್ಟಿಯಾಗಿ ಕೇಳಿದ್ದು ಟಾರ್ಗೆಟ್ ಇಳಿಸಿ, ಬೈಗುಳ ನಿಲ್ಲಿಸಿ ಎಂಬುದು.

ಹಾಗೆಂದು ಮನಸ್ಸಿಗೆ ಪೆಟ್ಟೇ ಬಿದ್ದಿಲ್ಲ, ಎಲ್ಲ ಸಂಬಳದ ಗಲಾಟೆ ಎಂದರೆ ಅದು ಇನ್ನೊಂದು ಬಗೆಯ ಮೋಸ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್‌ಗಾಗಿ ಪರದಾಟ ನಡೆಯಿತು. ಸರ್ಕಾರಿ ಲೆಕ್ಕದಲ್ಲೇ 24 ಜನ ಸತ್ತರು. ಆ ರಾತ್ರಿ ಡ್ಯೂಟಿಯಲ್ಲಿದ್ದವರು ಮಂಚದಿಂದ ಮಂಚಕ್ಕೆ ಓಡಿದವರು. ಅಂಥವರಿಗೆ ಮನೋವೈದ್ಯರು ಬೇಡ ಎನ್ನಲು ನಾನ್ಯಾರು? ಬೇಕು, ಖಂಡಿತ ಬೇಕು. ಆದರೆ ಆ ಆಘಾತದ ಮೂಲ ಅವರ ತಲೆಯೊಳಗೆ ಇರಲಿಲ್ಲ. ಸಿಲಿಂಡರಿನೊಳಗೆ ಇತ್ತು. ಇರಬೇಕಾದದ್ದು ಇರಲಿಲ್ಲ ಎನ್ನುವುದೇ ಆಘಾತ. ಅದನ್ನು ಬಿಟ್ಟು ಮಿಕ್ಕ ಎಲ್ಲದರ ಬಗ್ಗೆ ಆಪ್ತಸಮಾಲೋಚನೆ ನಡೆಸಬಹುದಿತ್ತು.

ಮನಸ್ಸಿನ ಚಿಕಿತ್ಸೆಯನ್ನು ಜನರಿದ್ದಲ್ಲಿಗೆ ಒಯ್ಯುವುದು ಈ ನಾಡಿಗೆ ಹೊಸತೂ ಅಲ್ಲ. ಎಪ್ಪತ್ತರ ದಶಕದಲ್ಲೇ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಕೂತು, ಹಳ್ಳಿಯ ಆರೋಗ್ಯ ಕೇಂದ್ರದ ಡಾಕ್ಟರಿಗೂ ನರ್ಸಿಗೂ ಇದನ್ನು ಕಲಿಸುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿದರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಬಳ್ಳಾರಿಯ ಬಿಸಿಲಿನಲ್ಲಿ ಜೀಪು ಹತ್ತಿ ಹೋಗಿ ಮಾಡಿದ ಕೆಲಸದ ಮೊಮ್ಮಗು ಈ ಲಿಂಕು ಎಂದರೆ ಅಜ್ಜನಿಗೆ ಗುರುತು ಸಿಗಲಿಕ್ಕಿಲ್ಲ. ತಮಾಷೆಯೆಂದರೆ ಆ ಕಾರ್ಯಕ್ರಮದ ಅನೇಕ ಆಪ್ತಸಮಾಲೋಚಕರೂ ಗುತ್ತಿಗೆಯವರೇ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ಮುಷ್ಕರ ಹೂಡಿದರು. ಸಂಬಳದ ಚಿಂತೆ ಬಿಡಿ ಎಂದು ಹೇಳಬೇಕಾದವರಿಗೂ ಸಂಬಳದ ಚಿಂತೆ. ತಂತಿಯ ಎರಡೂ ತುದಿಯಲ್ಲಿ ಒಂದೇ ಕಾಯಿಲೆ ಇದ್ದರೆ ಸಹಾನುಭೂತಿ ತಾನಾಗಿ ಹುಟ್ಟುತ್ತದೆ, ಬೇರೆ ತರಬೇತಿ ಬೇಡ.

ಆಶಾ ಕಾರ್ಯಕರ್ತೆಯರ ಕತೆ ಇನ್ನೂ ಚೆನ್ನಾಗಿದೆ. ಕೋವಿಡ್ ಕೆಲಸಕ್ಕೆಂದು ಅವರಿಗೆ ಸಿಕ್ಕ ಹೆಚ್ಚುವರಿ ಪ್ರೋತ್ಸಾಹಧನ ತಿಂಗಳಿಗೆ 1,000 ರೂಪಾಯಿ. ದಿನಕ್ಕೆ 33 ರೂಪಾಯಿ ಚಿಲ್ಲರೆ. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಸರ್ವೆಗೆ ಹೋದ ಆಶಾಗಳನ್ನು ಜನ ಸುತ್ತುಗಟ್ಟಿದರು, ಪುಸ್ತಕ, ಫೋನು ಕಿತ್ತುಕೊಂಡರು. ಅದೇ ತಿಂಗಳು 22ಕ್ಕೆ ಕೇಂದ್ರ ಸುಗ್ರೀವಾಜ್ಞೆ ತಂದು, ಆರೋಗ್ಯ ಸಿಬ್ಬಂದಿಯ ಮೇಲೆ ಕೈಮಾಡಿ ತೀವ್ರವಾಗಿ ಗಾಯಗೊಳಿಸಿದರೆ ಏಳು ವರ್ಷದವರೆಗೆ ಜೈಲು ಎಂದಿತು. ಕಾನೂನು ಬಂತು, ಒಳ್ಳೆಯದಾಯಿತು. ಜುಲೈ 10ರಿಂದ ರಾಜ್ಯದ ಸುಮಾರು 42,000 ಆಶಾಗಳು ಕೆಲಸ ನಿಲ್ಲಿಸಿ, ತಿಂಗಳಿಗೆ 12,000 ರೂಪಾಯಿ ನಿಗದಿ ಮಾಡಿ, ಮಾಸ್ಕು ಸ್ಯಾನಿಟೈಸರು ಕೊಡಿ ಎಂದರು. ಚಾಂಗ್‌ಶಾದ ಆಸ್ಪತ್ರೆಯವರ ಪತ್ರವನ್ನು ಇವರು ಓದಿರಲಿಲ್ಲ, ಆದರೂ ಉತ್ತರ ಹೊಂದಿಕೆಯಾಯಿತು. 2022ರ ಮೇನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಹತ್ತು ಲಕ್ಷ ಆಶಾಗಳಿಗೆ ಜಾಗತಿಕ ಆರೋಗ್ಯ ನಾಯಕತ್ವ ಪ್ರಶಸ್ತಿ ಕೊಟ್ಟಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಜಿನೀವಾದಿಂದ ಮಲ್ಲಿಗೆ ಬಂತು. 2025ರ ಜನವರಿಯ ಚಳಿಯಲ್ಲಿ ಅದೇ ಜಾಗತಿಕ ನಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು, 10,000 ರೂಪಾಯಿಯ ಭರವಸೆ ಪಡೆದು ಎದ್ದರು. 2020ರಲ್ಲಿ ಕೇಳಿದ್ದಕ್ಕಿಂತ ಎರಡು ಸಾವಿರ ಕಡಿಮೆ. ಸಹನೆ ಬೆಳೆಸಿಕೊಳ್ಳುವುದು ಹೇಗೆ ಎಂಬ ವೆಬಿನಾರಿಗೆ ಇನ್ನು ಮುಂದೆ ಇವರೇ ಸಂಪನ್ಮೂಲ ವ್ಯಕ್ತಿಗಳಾಗಬಹುದು.

ನಮ್ಮವರನ್ನಷ್ಟೇ ಬೈದರೆ ತಪ್ಪಾದೀತು. ಬ್ರಿಟನ್ನಿನಲ್ಲಿ 2020ರ ಮಾರ್ಚ್ 26ರಿಂದ ಹತ್ತು ವಾರ ಗುರುವಾರ ರಾತ್ರಿ ಎಂಟಕ್ಕೆ ಜನ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದರು. ಎನ್‌ಎಚ್‌ಎಸ್ ಸಿಬ್ಬಂದಿಗೆ ಧ್ಯಾನದ ಆ್ಯಪ್, ನಿದ್ದೆಯ ಆ್ಯಪ್ ಉಚಿತವಾಗಿ ಸಿಕ್ಕವು. ಮಂಗಳೂರು, ಉಡುಪಿ ಕಡೆಯಿಂದ ಹೋದ ನಮ್ಮ ನರ್ಸುಗಳೂ ಅಲ್ಲಿ ದುಡಿಯುತ್ತಾರೆ. ಮರುವರ್ಷ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರ ಸಂಬಳ ಏರಿಕೆಗೆ ಮುಂದಿಟ್ಟ ಪ್ರಸ್ತಾವ ಶೇ 1. ಗಲಾಟೆಯಾದ ಮೇಲೆ ಅದು ಶೇ 3 ಆಯಿತು. ಮೂಗಿಗೆ ತುಪ್ಪ ಸವರುವ ವಿದ್ಯೆ ನಮ್ಮ ಸ್ವಂತದ್ದು ಎಂಬ ಹೆಮ್ಮೆಯೂ ಹೀಗೆ ಕೈಬಿಟ್ಟುಹೋಯಿತು.

ಇನ್ನು ಲೆಕ್ಕಪತ್ರ. ಕೋವಿಡ್‌ನಿಂದ ಸತ್ತ ಆರೋಗ್ಯ ಸಿಬ್ಬಂದಿ ಎಷ್ಟು ಎಂದು 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ, ಆರೋಗ್ಯ ರಾಜ್ಯಗಳ ವಿಷಯ, ಆ ಅಂಕಿಅಂಶ ಕೇಂದ್ರದ ಬಳಿ ಇಲ್ಲ ಎಂಬ ಉತ್ತರ ಬಂತು. ಭಾರತೀಯ ವೈದ್ಯಕೀಯ ಸಂಘ ಸಿಟ್ಟಿಗೆದ್ದು 382 ವೈದ್ಯರ ಹೆಸರಿನ ಪಟ್ಟಿ ಹೊರಹಾಕಿತು. ಅದು ವೈದ್ಯರದ್ದು ಮಾತ್ರ. ನರ್ಸು, ಲ್ಯಾಬಿನವರು, ಆಂಬುಲೆನ್ಸ್ ಡ್ರೈವರ್, ಗ್ರೂಪ್ ಡಿ ನೌಕರರ ಪಟ್ಟಿ ಹೊರಹಾಕಲು ಅಷ್ಟು ದೊಡ್ಡ ಸಂಘ ಇರಲಿಲ್ಲ. ಜಗತ್ತಿನಾದ್ಯಂತ 2020ರ ಜನವರಿಯಿಂದ 2021ರ ಮೇವರೆಗೆ ಸತ್ತ ಆರೋಗ್ಯ ಕಾರ್ಯಕರ್ತರು 80,000ದಿಂದ 1,80,000 ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇಷ್ಟು ಅಗಲದ ಅಂದಾಜು ಯಾಕೆಂದರೆ ಎಣಿಸಿ ಇಟ್ಟವರೇ ಕಡಿಮೆ. ಆದರೆ ಒತ್ತಡ ನಿರ್ವಹಣೆಯ ವೆಬಿನಾರಿಗೆ ಯಾರು ಬಂದರು, ಎಷ್ಟು ನಿಮಿಷ ಇದ್ದರು, ಯಾರು ನಡುವೆ ಎದ್ದುಹೋದರು ಎಂಬ ಲೆಕ್ಕ ಇಲಾಖೆಯ ಬಳಿ ಸ್ಕ್ರೀನ್‌ಶಾಟ್ ಸಮೇತ ಇದೆ.

2022ರ ಅಕ್ಟೋಬರ್ 10ರಂದು ದೇಶಕ್ಕೆಲ್ಲ ಟೆಲಿ-ಮಾನಸ್ ಬಂತು, 14416 ಎಂಬ ಚಿಕ್ಕ ನಂಬರಿನೊಡನೆ, ಇಪ್ಪತ್ತನಾಲ್ಕು ಗಂಟೆಯೂ. ಬಂದದ್ದು ಮೂರು ಅಲೆಗಳು ಹಾದುಹೋದ ಮೇಲೆ. ಇರಲಿ, ಮುಂದಿನದಕ್ಕಾದರೂ ಆದೀತು. ಮುಂದಿನ ಪಿಡುಗಿಗೆ ನನ್ನದೂ ಒಂದು ಸಣ್ಣ ಪ್ರಸ್ತಾವವಿದೆ. ಇದಕ್ಕೆ ಹೊಸ ಆ್ಯಪ್ ಬೇಡ, ಹಳೆಯ ಲಿಂಕೇ ಸಾಕು, ಕೂರುವವರನ್ನು ಮಾತ್ರ ಅದಲು ಬದಲು ಮಾಡಬೇಕು. ಸಿಸ್ಟರ್‌ಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಮಂಚ, ಬಿಸಿ ಊಟ, ಒಂದನೇ ತಾರೀಖಿಗೆ ಸಂಬಳ. ಲ್ಯಾಪ್‌ಟಾಪು, ಹೆಡ್‌ಫೋನು, ನೀಲಿ ಸಮುದ್ರ, ತೆಂಗಿನ ಮರ ಎಲ್ಲವೂ ಸುತ್ತೋಲೆ ಹೊರಡಿಸುವವರಿಗೆ. ಪ್ರತಿದಿನ ವಿಸಿಗೆ ಮೊದಲು ಅವರು ಅರ್ಧ ಗಂಟೆ ಕಣ್ಣು ಮುಚ್ಚಿ ಉಸಿರಾಡಬೇಕು. ಕಿರುಚಬೇಕೆನಿಸಿದಾಗ ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸಬೇಕು. ಟಾರ್ಗೆಟ್ ಎಂಬ ಪದ ನಾಲಿಗೆಗೆ ಬಂದರೆ ಒಂದು ಲೋಟ ನೀರು ಕುಡಿಯಬೇಕು, ಅವರ ಆಫೀಸಿನಲ್ಲಿ ಬಾತ್‌ರೂಮಿಗೆ ಇಂಡೆಂಟ್ ಬೇಕಿಲ್ಲವಲ್ಲ. ‘ನೀವು ಈಗ ಏನನ್ನು ಅನುಭವಿಸುತ್ತಿದ್ದೀರಿ ಸರ್?’ ಎಂದು ಮೃದುವಾಗಿ ಕೇಳಲು, ಆಗಷ್ಟೇ ಎಂಟು ಗಂಟೆ ನಿದ್ದೆ ಮಾಡಿ ಎದ್ದ ಸ್ಟಾಫ್ ನರ್ಸ್ ಒಬ್ಬರನ್ನು ಸಂಪನ್ಮೂಲ ವ್ಯಕ್ತಿಯಾಗಿ ಕರೆಸಬೇಕು.

ಮೊದಲ ದಿನವೇ ಯಾರಾದರೂ ಸಾಹೇಬರು ಮೈಕ್ ಆನ್ ಮಾಡಿ ಕೇಳುತ್ತಾರೆ ಎಂಬುದು ಖಾತ್ರಿ: ‘ಇದಕ್ಕೆ ಅಟೆಂಡೆನ್ಸ್ ಕಡ್ಡಾಯಾನಾ, ಸಿಸ್ಟರ್?’

‘ಕಡ್ಡಾಯ ಅಂತೇನಿಲ್ಲ ಸರ್. ಆದ್ರೆ ಬರದೇ ಇದ್ದೋರ ಲಿಸ್ಟು ಸಂಜೆ ಗ್ರೂಪಿಗೆ ಹಾಕ್ತೀವಿ.’